ಮಡಚುವ ಚಾಕು ಮತ್ತು ಒಂದು ಪೇಂಟ್ ಡಬ್ಬ

ಮದುವೆ ಮನೆಗಳಲ್ಲಿ ನನಗೆ ಒಂದು ವಿಶೇಷ ಸ್ಥಾನವಿದೆ. ಅದು ಹಾಡಿಗಾಗಿ ಅಲ್ಲ, ರಂಗೋಲಿಗಾಗಿಯೂ ಅಲ್ಲ. ಎರಡೂ ನನಗೆ ಬರುವುದಿಲ್ಲ. ಹಾರದ ದಾರ ಗಂಟು ಬಿದ್ದಾಗ, ಉಡುಗೊರೆ ಪೆಟ್ಟಿಗೆಯ ಟೇಪು ಜಪ್ಪಯ್ಯ ಅಂದರೂ ಬಿಡದಿದ್ದಾಗ, ಬಾಳೆ ಎಲೆಯ ದಂಟು ಉದ್ದವಾದಾಗ, ಯಾರಾದರೂ ಒಬ್ಬರು "ಸುಮಕ್ಕ ಬಂದಿದಾರಾ ನೋಡಿ" ಎಂದು ಕೂಗುತ್ತಾರೆ. ಸುಮಕ್ಕ ಎಂದರೆ ನಾನೇ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ವ್ಯಾನಿಟಿ ಬ್ಯಾಗಿನ ತಳದಿಂದ ಮಡಚುವ ಚಾಕು ತೆಗೆಯುವ ಹೆಂಗಸು ಇಡೀ ಶಿವಮೊಗ್ಗದಲ್ಲಿ ಬಹುಶಃ ನಾನೊಬ್ಬಳೇ.

ಇದರಿಂದ ತೊಂದರೆಯೂ ಉಂಟು. ಮೊನ್ನೆ ಸಿನಿಮಾಕ್ಕೆ ಹೋದಾಗ ಬಾಗಿಲಲ್ಲಿ ಬ್ಯಾಗು ತಪಾಸಣೆ ಮಾಡುವಾಕೆ ಚಾಕುವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮೇಡಮ್, ಇದ್ಯಾಕೆ?" ಎಂದಳು.

"ಸೇಬು ಹೆಚ್ಚೋಕೆ."

"ಸೇಬು ಎಲ್ಲಿ?"

"ಇವತ್ತು ತಂದಿಲ್ಲ."

ನನ್ನ ಯಜಮಾನರು ಅಷ್ಟು ಹೊತ್ತಿಗೆ ನಾಲ್ಕು ಹೆಜ್ಜೆ ಆಚೆ ಸರಿದು, ನನ್ನನ್ನು ಇದೇ ಮೊದಲ ಬಾರಿ ನೋಡುತ್ತಿರುವ ಹಾಗೆ ಪೋಸ್ಟರ್ ಓದುತ್ತಿದ್ದರು.

ನನ್ನ ಹತ್ತಿರ ಒಟ್ಟು ಏಳು ಚಾಕುಗಳಿವೆ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು ನಾನು. ಎಳೆ ಕಾಂಡವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಕೊಯ್ದು ಗಾಜಿನ ಮೇಲೆ ಇಡಿ ಎಂದು ವರ್ಷ ವರ್ಷವೂ ಮಕ್ಕಳಿಗೆ ಹೇಳಿ ಹೇಳಿ, ಹರಿತದ ವಿಷಯದಲ್ಲಿ ನನಗೆ ಅಭಿಪ್ರಾಯಗಳು ಬೆಳೆದಿದ್ದರೆ ತಪ್ಪೇನಿಲ್ಲ. "ಅಭಿಪ್ರಾಯ ಇರ್ಲಿ ಮಾರಾಯ್ತಿ, ಏಳು ಚಾಕು ಯಾಕೆ?" ಎಂದು ಯಜಮಾನರು ಕೇಳುತ್ತಾರೆ. ಅವರ ಮೇಜಿನ ಮೇಲೆ ಹನ್ನೊಂದು ಪೆನ್ನುಗಳಿವೆ, ಒಂದೂ ಬರೆಯುವುದಿಲ್ಲ. ಅದನ್ನು ನಾನು ಯಾವತ್ತಾದರೂ ಕೇಳಿದ್ದೇನೆಯೇ?

ಏಳರಲ್ಲಿ ಒಂದು, ಯಜಮಾನರ ತಂಗಿ ಕೊಟ್ಟ ಹದಿನಾಲ್ಕು ಸಾಮಾನಿನ ಚಾಕು. ಕತ್ತರಿ, ಅರ, ಗರಗಸ, ಹಲ್ಲುಕಡ್ಡಿ, ಬೂಚು ಕೀಳುವ ತಿರುಪು, ಎಲ್ಲವೂ ಅದರ ಹೊಟ್ಟೆಯಲ್ಲಿವೆ. ನಮ್ಮ ಮನೆಯಲ್ಲಿ ಬೂಚಿರುವ ಬಾಟಲಿಯೇ ಇಲ್ಲ. ಚಾಕು ಬೇಕೆಂದು ಎಳೆದರೆ ಕತ್ತರಿ ಬರುತ್ತದೆ, ಕತ್ತರಿ ಬೇಕೆಂದರೆ ಅರ. ಹಲ್ಲುಕಡ್ಡಿ ಮೊದಲ ತಿಂಗಳೇ ಕಾಣೆಯಾಯಿತು; ಅದನ್ನು ಯಾರು ಬಳಸಿದರು ಎಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ಇನ್ನೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಅಲಗು, ಹಿಡಿ ಎರಡೂ ಕಪ್ಪು. ಹೆಬ್ಬೆರಳಲ್ಲಿ ಒತ್ತಿದರೆ ಚಟಕ್ಕನೆ ಬಿಚ್ಚಿಕೊಳ್ಳುತ್ತದೆ. ಬಂದ ದಿನವೇ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯ ಮುಂದೆ ನಿಂತು, ಕರಿಬೇವಿನ ಕಟ್ಟಿನ ದಾರ ಕತ್ತರಿಸಲೆಂದು ಅದನ್ನು ಬಿಚ್ಚಿದೆ. ಗಾಡಿಯವನು ನನ್ನ ಮುಖವನ್ನೊಮ್ಮೆ ನೋಡಿ, ಕೇಳದೆಯೇ ಒಂದು ಕಟ್ಟು ಕೊತ್ತಂಬರಿಯನ್ನೂ ಚೀಲಕ್ಕೆ ಹಾಕಿದ. ಅಂದಿನಿಂದ ಅದನ್ನು ಬೀರುವಿನಲ್ಲಿ ಇಟ್ಟಿದ್ದೇನೆ.

ಸ್ಟೇನ್‌ಲೆಸ್ ಸ್ಟೀಲಿನದೂ ಒಂದಿದೆ. ಗಾಂಧಿ ಬಜಾರಿನ ಅಂಗಡಿಯವರು ಅದನ್ನು ಬಟ್ಟೆಯಲ್ಲಿ ಒರೆಸಿ, "ಅಸಲಿ ಮಾಲು ಮೇಡಮ್. ತುಕ್ಕಿನ ಮಾತೇ ಇಲ್ಲ. ಇವತ್ತು ಹೆಂಗಿದೆಯೋ ಲೈಫ್ ಲಾಂಗ್ ಹಂಗೇ ಇರುತ್ತೆ" ಎಂದಿದ್ದರು. ಅವರು ಸುಳ್ಳು ಹೇಳಲಿಲ್ಲ. ಎಂಟು ವರ್ಷವಾಯಿತು, ಹಾಗೇ ಇದೆ. ಅವತ್ತೂ ಟೊಮೆಟೊ ಹೆಚ್ಚುತ್ತಿರಲಿಲ್ಲ, ಇವತ್ತೂ ಹೆಚ್ಚುವುದಿಲ್ಲ. ಒಳ್ಳೆಯ ಸ್ಟೇನ್‌ಲೆಸ್ ಬೇರೆಯೇ ಇರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನಗೆ ಗಂಟು ಬಿದ್ದದ್ದು ಇದು.

ನನ್ನ ಮನಸ್ಸೆಲ್ಲ ತುಕ್ಕು ಹಿಡಿಯುವ ಉಕ್ಕಿನ ಮೇಲೆ. ಕಾರ್ಬನ್ ಸ್ಟೀಲ್ ಅನ್ನುತ್ತಾರಲ್ಲ, ಅದು. ಮಾವಿನಕಾಯಿ ಕೊಯ್ದರೆ ಅಲಗು ಕಪ್ಪಾಗುತ್ತದೆ, ಹೋಳಿನ ಅಂಚಿಗೂ ನೀಲಿ ಗೆರೆ ಬೀಳುತ್ತದೆ, ತಿಂದರೆ ನಾಲಿಗೆಗೆ ಕಬ್ಬಿಣದ ರುಚಿ ಹತ್ತುತ್ತದೆ. ಕೊಯ್ದ ಕೂಡಲೇ ಒರೆಸಬೇಕು, ಮಳೆಗಾಲದಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಬೇಕು. ಅದರ ಉಪಚಾರ ಒಂದೆರಡಲ್ಲ. ಆದರೆ ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಸಾಕು, ಹಣ್ಣಾದ ಟೊಮೆಟೊ ತಾನಾಗಿ ಎರಡಾಗುತ್ತದೆ. ಅಲಗು ನನ್ನ ನಾಲ್ಕು ಬೆರಳಿನ ಅಗಲಕ್ಕಿಂತ ಉದ್ದವಿರಬಾರದು. ಹಿಡಿ ಮರದ್ದಾಗಿರಬೇಕು, ಬೀಟೆಯಾದರೆ ಇನ್ನೂ ಒಳ್ಳೆಯದು. ಬಿಚ್ಚಲು ಉಗುರು ಹಾಕುವ ಒಂದು ಗೀರು, ಮಡಚುವಾಗ ಟಕ್ ಎಂಬ ಒಂದು ಸದ್ದು, ಇಷ್ಟು ಸಾಕು. ಬಿಚ್ಚಿದ ಅಲಗು ಕೈಮೇಲೆ ಮಡಚಿಕೊಳ್ಳದ ಹಾಗೆ ಲಾಕ್ ಇರುವುದೇ ಕ್ಷೇಮ ಎಂದು ಬುದ್ಧಿ ಹೇಳುತ್ತದೆ. ನನ್ನ ತೋರುಬೆರಳಿನ ಹಳೆಯ ಗಾಯದ ಗುರುತೂ ಅದನ್ನೇ ಹೇಳುತ್ತದೆ. ನಾನು ಇಬ್ಬರ ಮಾತನ್ನೂ ಕೇಳುವುದಿಲ್ಲ. ಅಪ್ಪನ ಚಾಕುವಿಗೆ ಲಾಕ್ ಇರಲಿಲ್ಲ.

ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾವು ಬೆಳೆದದ್ದು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ಬೇರೆ ಊರಿನ ಮಕ್ಕಳು ಅಕ್ಕಿ, ಬೇಳೆ ಗುರುತು ಹಿಡಿಯುವ ವಯಸ್ಸಿಗೆ ನಾವು ಕಬ್ಬಿಣದಲ್ಲಿ ಜಾತಿ ಕಂಡುಹಿಡಿಯುತ್ತಿದ್ದೆವು. ಆಯುಧಪೂಜೆಯ ದಿನ ಹೆಂಡತಿ ಮಕ್ಕಳನ್ನು ಕಾರ್ಖಾನೆಯ ಒಳಗೆ ಬಿಡುತ್ತಿದ್ದರು. ಮಂಡಕ್ಕಿ, ಬೂಂದಿ ತಿಂದು ಮುಗಿದ ಮೇಲೆ ಅಪ್ಪನ ಗೆಳೆಯ ಸೆಲ್ವರಾಜ್ ಮಾಮ ಗ್ರೈಂಡಿಂಗ್ ಚಕ್ರ ತಿರುಗಿಸಿ, ಒಂದೊಂದೇ ತುಂಡನ್ನು ಅದಕ್ಕೆ ಮುಟ್ಟಿಸಿ ಕಿಡಿ ತೋರಿಸುತ್ತಿದ್ದರು. ಸಾದಾ ಕಬ್ಬಿಣದ ಕಿಡಿ ಉದ್ದಕ್ಕೆ ನೆಟ್ಟಗೆ ಹೋಗುತ್ತದೆ. ಸ್ಟೇನ್‌ಲೆಸ್ಸಿನದು ಕೆಂಪಗೆ, ಗಿಡ್ಡಗೆ. ಹಳೆಯ ಅರದ ತುಂಡು ಮುಟ್ಟಿಸಿದರೆ ಮಾತ್ರ ಸುರ್‌ಸುರ್‌ಬತ್ತಿಯ ಹಾಗೆ ಕಿಡಿ ಕವಲೊಡೆದು ಹೂವಾಗಿ ಚೆಲ್ಲುತ್ತಿತ್ತು. ನಾನು ಆಗ ಮೂರನೇ ಕ್ಲಾಸು. ಉಕ್ಕಿನ ವಿಷಯದಲ್ಲಿ ನನ್ನ ಆಯ್ಕೆ ಅವತ್ತೇ ಮುಗಿದುಹೋಯಿತು ಅನ್ನಿಸುತ್ತದೆ.

ಅಂಥದ್ದೇ ಒಂದು ಹಲ್ಲು ಸವೆದ ಅರದಿಂದ ಅಪ್ಪ ತಮ್ಮ ಚಾಕು ಮಾಡಿಕೊಂಡಿದ್ದರು. ಹಿಡಿ, ಮುರಿದ ಕುರ್ಚಿಯ ಬೀಟೆಯ ಕಾಲಿನದು. ಭಾನುವಾರ ಮಧ್ಯಾಹ್ನ ಅವರು ಜಗಲಿಯಲ್ಲಿ ಕೂತು ಕಿತ್ತಳೆ ಸುಲಿದರೆ ಸಿಪ್ಪೆ ಎಲ್ಲೂ ತುಂಡಾಗದೆ ಸುರುಳಿ ಸುರುಳಿಯಾಗಿ ಇಳಿಯುತ್ತಿತ್ತು. ನನಗೂ ಅಣ್ಣನಿಗೂ ಆ ಸಿಪ್ಪೆಗಾಗಿ ಜಗಳ. ಚಾಕು ಮುಟ್ಟಬೇಕಾದರೆ ಮೊದಲು ಪಾಠ ಒಪ್ಪಿಸಬೇಕಿತ್ತು: "ಚಾಕು ಇರೋದು ಕೊಯ್ಯೋಕೆ. ಮೀಟೋಕಲ್ಲ, ತಿರುಗ್ಸೋಕಲ್ಲ, ಕುಟ್ಟೋಕಲ್ಲ." ಗಾಯತ್ರಿ ಮಂತ್ರಕ್ಕಿಂತ ಮುಂಚೆ ಅಣ್ಣನಿಗೆ ಇದು ಬಾಯಿಪಾಠವಾಗಿತ್ತು.

ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಚಾಕು ಅಣ್ಣನಿಗೆ ಹೋಯಿತು, ನನಗೆ ಅಮ್ಮನ ಬಳೆ ಬಂತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಗಂಡಸರ ಸಾಮಾನು ಗಂಡಸರಿಗೆ, ಹೆಂಗಸರದು ಹೆಂಗಸರಿಗೆ ಎಂದು ತಾನಾಗಿ ಆಯಿತು. ಬಳೆ ನೀನು ಇಟ್ಟುಕೋ, ಚಾಕು ನನಗೆ ಕೊಡು ಎಂದು ಹೇಳಲು ನನಗೆ ಅವತ್ತು ಬಾಯಿ ಬರಲಿಲ್ಲ. ಆಮೇಲೆ ಒಂದರ ಮೇಲೊಂದು ಚಾಕು ಕೊಂಡೆ. ಒಂದೊಂದನ್ನು ಕೊಳ್ಳುವಾಗಲೂ ಮನಸ್ಸಿನಲ್ಲಿ ಇದ್ದದ್ದು ಅದೊಂದೇ. ಅಣ್ಣ ಗೋಪಾಳ ಬಡಾವಣೆಯ ತನ್ನ ಮನೆಯಲ್ಲಿ ಊಟವಾದ ಮೇಲೆ ಅಂಗಿಯ ಜೇಬಿನಿಂದ ಅದನ್ನು ತೆಗೆದು ಅಡಿಕೆ ಹೋಳು ಮಾಡಲು ಕೂತರೆ ನಾನು ಬೇಕೆಂದೇ ಟಿವಿ ಕಡೆ ನೋಡುತ್ತಿದ್ದೆ. ಇದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕುವುದು ಬೇಡ, ಹೊಟ್ಟೆಕಿಚ್ಚು.

ಕಳೆದ ತಿಂಗಳು ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಅಣ್ಣ, ಒಂದು ವಾರ ಕೊಡು. ಇದೇ ಅಳತೆಯದು ನಂಗೊಂದು ಮಾಡಿಸ್ಕೋತೀನಿ."

ಅಣ್ಣ ರಿಟೈರ್ ಆದ ಓವರ್‌ಸಿಯರ್. ಸಿಮೆಂಟಿನ ಗುಣ ನೋಡುವವರ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕೊನೆಗೆ ಚಾಕುವನ್ನು ತೆಗೆದು ಟೀಪಾಯಿಯ ಮೇಲೆ ಇಟ್ಟ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮಲ್ಲಿ ಹೀಗೆ ಕೆಳಗಿಟ್ಟೇ ಕೊಡುವುದು.

"ಅಪ್ಪ ಕೈಯಾರೆ ಮಾಡಿದ ಅಲಗು ಸುಮಿ. ಐವತ್ತು ವರ್ಷ ಆಯ್ತು, ಒಂದು ಚೂರು ಹಾರಿಲ್ಲ. ಮುಂದಿನ ಭಾನುವಾರ ಹತ್ತು ಗಂಟೆಗೆ ಇಲ್ಲಿರ್ಬೇಕು. ಇದಕ್ಕೇನಾದ್ರೂ ಆದ್ರೆ ನಾನು ನಿನ್ ಜೊತೆ ಮಾತಾಡಲ್ಲ, ನೋಡು."

ನಗುವ ಮಾತಲ್ಲ ಇದು. ಪಕ್ಕದ ಮನೆಯವರು ಏಣಿಯ ಮೆಟ್ಟಿಲು ಮುರಿದುಕೊಟ್ಟರೆಂದು ಅಣ್ಣ ಅವರ ಜೊತೆ ಮೂರು ವರ್ಷ ಮಾತು ಬಿಟ್ಟಿದ್ದ. ಅವರ ಮಗಳ ಮದುವೆಗೆ ಹೋಗಿ, ಊಟ ಮಾಡಿ, ಮಾತಾಡದೆ ಬಂದಿದ್ದ. ನನಗೆ ತವರು ಅಂತ ಉಳಿದಿರುವುದು ಅವನೊಬ್ಬನೇ.

ಗುರುವಾರದವರೆಗೆ ಎಲ್ಲ ಚೆನ್ನಾಗಿತ್ತು. ಚಾಕುವನ್ನು ಕಾಗದದ ಮೇಲೆ ಇಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದಿಟ್ಟುಕೊಂಡೆ. ಸೇಬು, ಸೀಬೆ, ಸೌತೆಕಾಯಿ, ಬೇಕಿದ್ದದ್ದು, ಬೇಡದ್ದು, ಎಲ್ಲ ಕೊಯ್ದೆ. ಗುರುವಾರ ಬೆಳಿಗ್ಗೆ ಗೇಟಿಗೆ ಬಣ್ಣ ಬಳಿಯೋಣ ಎನ್ನಿಸಿತು. ಪೇಂಟ್ ಡಬ್ಬದ ಮುಚ್ಚಳ ಬರಲೊಲ್ಲದು. ಸ್ಕ್ರೂಡ್ರೈವರ್ ಒಳಗೆ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ. ಚಾಕು ಇಲ್ಲೇ, ಕೈಯಲ್ಲಿ. ಮೂವತ್ತು ವರ್ಷ ಮಕ್ಕಳಿಗೆ ಉಪಕರಣಗಳನ್ನು ಸರಿಯಾಗಿ ಬಳಸಿ ಎಂದು ಬೋರ್ಡಿನ ಮೇಲೆ ಬರೆದ ಕೈ ಅದು. ಅದೇ ಕೈ ಅಲಗಿನ ತುದಿಯನ್ನು ಮುಚ್ಚಳದ ಸಂದಿಗೆ ಹಾಕಿ ಮೀಟಿತು.

ಟಣ್ ಎಂದಿತು. ಅರ್ಧ ಇಂಚು ತುದಿ ಹಾರಿ ದಾಸವಾಳದ ಕುಂಡಕ್ಕೆ ಬಿತ್ತು.

"ಏನದು ಸದ್ದು?" ಒಳಗಿನಿಂದ ಯಜಮಾನರು.

"ಏನಿಲ್ಲ."

ಹೊರಗೆ ಬಂದು ನೋಡಿದ ಅವರು, ಯಾವತ್ತೂ ಇಲ್ಲದ ಕರುಣೆಯಿಂದ, "ಅಂಟು ಹಾಕಿದ್ರೆ ಕೂರುತ್ತಾ?" ಎಂದು ಕೇಳಿದರು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಅರವತ್ತರ ಹತ್ತಿರ ಬಂದವಳು ಚಾಕುವಿಗಾಗಿ ಅಳುವುದೇ ಎಂದು ನೀವು ನಗಬಹುದು. ಮರುದಿನ ನನಗೂ ನಗು ಬಂತು. ಅವತ್ತು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ಸೆಲ್ವರಾಜ್ ಮಾಮ ಈಗಲೂ ನ್ಯೂ ಟೌನಿನಲ್ಲೇ, ಮಗಳ ಮನೆಯಲ್ಲಿ ಇದ್ದಾರೆ. ಎಂಬತ್ತು ದಾಟಿದೆ. ಮನೆಯ ಹಿಂದೆ ತಗಡಿನ ಒಂದು ಶೆಡ್ಡು, ಅದರಲ್ಲಿ ಒಂದು ಗ್ರೈಂಡಿಂಗ್ ಚಕ್ರ, ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು, ಗೋಡೆಯ ತುಂಬ ಅರಗಳು. ಇಡೀ ದಿನ ಅವರು ಅಲ್ಲೇ.

"ವಾ ಪಾಪಾ, ವಾ" ಎಂದರು. ತಮಿಳಿನಲ್ಲಿ ಚಿಕ್ಕ ಹುಡುಗಿಯನ್ನು ಹಾಗೆ ಕರೆಯುವುದು. ನನ್ನ ಕೂದಲು ಬೆಳ್ಳಗಾದದ್ದು ಅವರ ಗಮನಕ್ಕೆ ಇನ್ನೂ ಬಂದಿಲ್ಲ.

ನಾನು ಚಾಕುವಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅದನ್ನು ಅವರ ಮುಂದಿಟ್ಟೆ. "ಕೈ ಜಾರಿ ಕೆಳಗೆ ಬಿತ್ತು ಮಾಮ."

ಅವರು ಕನ್ನಡಕ ಹಣೆಗೆ ಏರಿಸಿ, ಮುರಿದ ಜಾಗವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಬಿದ್ದಿದ್ದಲ್ಲ ಪಾಪಾ ಇದು. ಮೀಟಿದ್ದು. ಏನ್ ಮೀಟ್ದೆ?"

"ಪೇಂಟ್ ಡಬ್ಬ."

ಅವರು ತಲೆಯಾಡಿಸಿ ಎದ್ದು, ಶೆಲ್ಫಿನಿಂದ ಹಳೆಯ ಬಿಸ್ಕತ್ ಡಬ್ಬವೊಂದನ್ನು ಇಳಿಸಿದರು. ಒಳಗಿನ ಎಣ್ಣೆ ಬಟ್ಟೆ ಬಿಚ್ಚಿ ಮುರಿದ ಎರಡು ಅಲಗುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟರು. ಎರಡೂ ನನ್ನ ಎದುರಿನ ಚಾಕುವಿನ ಅಳತೆಯವೇ, ಎರಡಕ್ಕೂ ಅದೇ ಉಗುರು ಗೀರು.

"ಇದು ನಿಮ್ಮಪ್ಪ ಮುರಿದಿದ್ದು. ಸೈಕಲ್ ಬೆಲ್ಲಿನ ಸ್ಕ್ರೂ ತಿರುಗ್ಸಕ್ಕೆ ಹೋಗಿ. ನೀನು ಆಗ ಹೈಸ್ಕೂಲು. ಇದು ನಿಮ್ಮಣ್ಣ. ಅಪ್ಪ ಹೋದ್ ಮರುವರ್ಷ. ತೆಂಗಿನಕಾಯಿ ಒಡೆಯಕ್ಕೆ ಇದ್ರ ಬೆನ್ನಿಗೆ ಸುತ್ತಿಗೇಲಿ ಕುಟ್ಟಿದಾನೆ, ಓವರ್‌ಸಿಯರು."

ಐವತ್ತು ವರ್ಷ, ಒಂದು ಚೂರು ಹಾರಿಲ್ಲ.

"ಮತ್ತೆ ಯಾರಿಗೂ ಹೇಳ್ಲಿಲ್ವಲ್ಲ ಮಾಮ?"

"ನಿಮ್ಮಪ್ಪ ನನ್ ಕೈ ಹಿಡ್ಕೊಂಡು ಕೇಳ್ದ. ಮಕ್ಕಳಿಗೆ ಗೊತ್ತಾದ್ರೆ ಇನ್ನು ನನ್ ಮಾತು ಯಾರು ಕೇಳ್ತಾರೆ ಸೆಲ್ವಾ ಅಂದ. ಆಮೇಲೆ ನಿಮ್ಮಣ್ಣ ಬಂದು ಕಣ್ಣಲ್ಲಿ ನೀರು ಹಾಕ್ಕೊಂಡು ಕೂತ. ಸುಮಿಗೆ ಹೇಳ್ಬೇಡಿ ಮಾಮ, ಚಾಕು ಅವಳಿಗೇ ಕೊಡ್ಬೇಕಿತ್ತು ಅಂತಾಳೆ ಅಂದ. ಅವತ್ತು ಅವನಿಗೆ ಅಪ್ಪನ ಕಥೆ ಹೇಳ್ದೆ, ಸಮಾಧಾನ ಆಯ್ತು. ಮುರಿದವ್ರಿಗೆ ಮಾತ್ರ ಹೇಳೋದು ನಾನು."

ಚಾಕು ನನಗೆ ಸೇರಬೇಕಿತ್ತು ಎಂಬುದು ಅಣ್ಣನಿಗೆ ಮೊದಲಿಂದ ಗೊತ್ತಿತ್ತು. ಹನ್ನೊಂದು ವರ್ಷ ಅವನು ಹೆದರಿಕೊಂಡೇ ಅಡಿಕೆ ಕತ್ತರಿಸಿದ್ದಾನೆ, ನಾನು ಟಿವಿ ನೋಡಿದ್ದೇನೆ.

ಹೊಸ ಅಲಗು ಮಾಡಲು ಎಷ್ಟು ದಿನ ಬೇಕು ಎಂದು ಕೇಳಿದ್ದಕ್ಕೆ ಮಾಮ ಡಬ್ಬದ ತಳದಿಂದ ಇನ್ನೊಂದು ಪೊಟ್ಟಣ ತೆಗೆದರು. ಅದರಲ್ಲಿ ಸಿದ್ಧವಾದ ಎರಡು ಅಲಗುಗಳಿದ್ದವು. "ನಿಮ್ ಮನೆಯವ್ರನ್ನ ನಂಬಕ್ಕಾಗಲ್ಲ ಅಂತ ಅವತ್ತೇ ನಿಮ್ಮಣ್ಣನ ಎದುರಿಗೇ ಇನ್ನೂ ಎರಡು ಮಾಡಿಟ್ಟಿದ್ದೆ. ಹಳೇ ಅರಾನೇ." ಚಕ್ರ ತಿರುಗಿಸಿ ಒಂದರ ಹಿಂಬದಿಯನ್ನು ಒಂದೇ ಒಂದು ಸಲ ಮುಟ್ಟಿಸಿದರು. ಕಿಡಿ ಕವಲೊಡೆದು ಶೆಡ್ಡಿನ ತುಂಬ ಚೆಲ್ಲಿತು. ಅದನ್ನು ತೋರಿಸುವ ಅಗತ್ಯವೇನೂ ಕೆಲಸಕ್ಕೆ ಇರಲಿಲ್ಲ, ನನಗೆಂದೇ ತೋರಿಸಿದರು. ಅಲಗನ್ನು ಹಿಡಿಗೆ ಬಿಗಿದಿದ್ದ ಹಳೆಯ ರಿವೆಟ್ ಹೊಡೆದು ತೆಗೆದು, ಹೊಸ ಅಲಗು ಕೂರಿಸಿ, ಮಡಚಿ ಬಿಚ್ಚಿ ನೋಡಿ, ಒಂದು ಗಂಟೆಯಲ್ಲಿ ಮುಗಿಸಿದರು. ಕೈ ಸ್ವಲ್ಪವೂ ನಡುಗಲಿಲ್ಲ.

ಹೊರಡುವಾಗ ಅಪ್ಪ ಮಾಡಿದ ಆ ಮೊದಲ ಅಲಗನ್ನು ಎತ್ತಿಕೊಂಡು ನೋಡಿದೆ. ಕಿತ್ತಳೆ ಸುಲಿದ ಅಲಗು ಅದೇ. "ಬೇಕಾದ್ರೆ ತಗೊಂಡು ಹೋಗು ಪಾಪಾ" ಎಂದರು ಮಾಮ. ಬಹಳ ಆಸೆಯಾಯಿತು. ಆದರೆ ಅಪ್ಪ ಯಾರ ಕೈ ಹಿಡಿದು ಬೇಡಿಕೊಂಡಿದ್ದರೋ ಅವರ ಹತ್ತಿರವೇ ಅದು ಇರಲಿ ಅನ್ನಿಸಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮತ್ತೆ ಡಬ್ಬಕ್ಕೆ ಹಾಕಿದೆ. ಪಕ್ಕದಲ್ಲಿ ನಾನು ಮುರಿದದ್ದನ್ನೂ ಇಟ್ಟೆ.

ಭಾನುವಾರ ಹತ್ತು ಗಂಟೆಗೆ ಗೋಪಾಳದಲ್ಲಿದ್ದೆ. ಅತ್ತಿಗೆ ಕಾಫಿ ತಂದರು. ಅಣ್ಣ ಚಾಕು ಬಿಚ್ಚಿ ಪೇಪರಿನ ಅಂಚು ಕೊಯ್ದು ನೋಡಿದ. ಸರ್ರನೆ ಹೋಯಿತು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದ. ಹೆಬ್ಬೆರಳನ್ನು ಅಲಗಿನ ಬೆನ್ನಿನ ಮೇಲೆ ಹಿಂದೆ ಮುಂದೆ ಓಡಿಸಿದ. ಹನ್ನೊಂದು ವರ್ಷ ಅಡಿಕೆ ಕತ್ತರಿಸಿದ ಅಲಗು ಹೇಗಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ತಿಳಿದವರು ಯಾರು? ನಾನು ಕಾಫಿಯ ಲೋಟದೊಳಗೆ ನೋಡುತ್ತಾ, ಮೂರು ವರ್ಷ ಮಾತಿಲ್ಲದೆ ಹೇಗೆ ಇರುವುದು ಎಂದು ಲೆಕ್ಕ ಹಾಕುತ್ತಿದ್ದೆ.

"ಚೆನ್ನಾಗಿ ನೋಡ್ಕೊಂಡಿದೀಯ" ಎಂದ ಅಣ್ಣ.

"ಹೂಂ" ಎಂದೆ.

"ಅಪ್ಪನ ಕೆಲಸ ಅಂದ್ರೆ ಹಂಗೆ" ಎಂದರು ಏನೂ ತಿಳಿಯದ ಅತ್ತಿಗೆ. ನಾವಿಬ್ಬರೂ ಹೌದು ಹೌದು ಎಂದು ಒಟ್ಟಿಗೇ ತಲೆಯಾಡಿಸಿದೆವು.

ಹೊರಟಾಗ ಅಣ್ಣ ಗೇಟಿನವರೆಗೆ ಬಂದ. ಅವನು ಸಾಧಾರಣವಾಗಿ ಕುರ್ಚಿಯಿಂದಲೇ ಕೈ ಎತ್ತುವವನು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ, ಬೀದಿಯ ಕಡೆ ನೋಡುತ್ತಾ ಕೇಳಿದ: "ಸೆಲ್ವರಾಜ್ ಮಾಮನಿಗೆ ಕಣ್ಣು ಇನ್ನೂ ಸರಿಯಾಗಿ ಕಾಣ್ಸುತ್ತಾ?"

"ಎಲ್ಲಾ ಕಾಣ್ಸುತ್ತೆ" ಎಂದೆ.

ಅಣ್ಣನ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು. ಸ್ವಲ್ಪ ಹೊತ್ತು ಇಬ್ಬರೂ ಎದುರು ಮನೆಯ ಕಾಂಪೌಂಡನ್ನು ನೋಡಿದೆವು. ಆಮೇಲೆ ಅವನು ಅಂಗಿಯ ಜೇಬಿನಿಂದ ಚಾಕು ತೆಗೆದು ನನ್ನ ಬ್ಯಾಗಿನೊಳಗೆ ಹಾಕಿ, ಜಿಪ್ಪನ್ನು ತಾನೇ ಎಳೆದ.

"ಇನ್ನು ನಿನ್ ಹತ್ರಾನೇ ಇರ್ಲಿ" ಎಂದ. "ಮಾಮನ ಡಬ್ಬದಲ್ಲಿ ಇನ್ನೊಂದೇ ಅಲಗು ಉಳಿದಿರೋದು. ಮುಂದಿನ್ ಸಲ ಮುರಿದ್ರೆ ಒಬ್ಳೇ ಹೋಗ್ಬೇಡ, ನಾನೂ ಬರ್ತೀನಿ."